ಗುಬ್ಬಿಗಿಟ್ಟ ನವಣೆ

ನಮ್ಮ ಮನೆ ಇರುವುದು ಧಾರವಾಡದ ಮಾಳಮಡ್ಡಿಯಲ್ಲಿ. ಹಿತ್ತಲು ದೊಡ್ಡದೇನಲ್ಲ. ಒಂದು ಪೇರಲ ಗಿಡ, ಒಂದು ಕರಿಬೇವು, ಕಾಂಪೌಂಡಿಗೆ ಹಬ್ಬಿಸಿದ ತೊಂಡೆ ಬಳ್ಳಿ. ಗೋಡೆಯಾಚೆ ಪಕ್ಕದ ಮನೆಯವರ ಹಳೇ ಮಾವಿನ ಗಿಡ. ಅದರ ಟೊಂಗೆಯೊಂದು ನಮ್ಮ ಕಡೆ ಚಾಚಿಕೊಂಡಿದೆ. ಆ ಟೊಂಗೆಗೆ ತಟ್ಟೆ ತೂಗುಹಾಕಿ ಹಕ್ಕಿಗಳಿಗೆ ಕಾಳು ಇಡುವುದು ನಮ್ಮ ಮನೆಯ ಹಳೇ ರೂಢಿ. ಈಚೆಗೆ ಮಾತ್ರ ಆ ತಟ್ಟೆ ನನ್ನನ್ನು ಯೋಚನೆಗೆ ಹಚ್ಚಿದೆ. ನವಣೆ, ಶೇಂಗಾ ಹಾಕಿ ಒಳಗೆ ಬರುವಷ್ಟರಲ್ಲಿ ಒಂದು ಇಣಚಿ, ಅಂದರೆ ಅಳಿಲು, ಬಂದು ತಟ್ಟೆಯ ನಟ್ಟನಡುವೆ ಕೂತಿರುತ್ತದೆ. ಬಟ್ಟೆ ಒಣಹಾಕುವ ತಂತಿಯ ಮೇಲೆ ಗುಬ್ಬಿಗಳು ಸಾಲಾಗಿ ಕಾಯುತ್ತಿರುತ್ತವೆ. ಒಂದು ಧೈರ್ಯ ಮಾಡಿ ತಟ್ಟೆಯ ಅಂಚಿಗೆ ಬರುತ್ತದೆ. ಇಣಚಿ ಬಾಲ ಕೊಡವಿ ‘ಚಿಕ್’ ಎಂದರೆ ಸಾಕು, ಅದು ಮತ್ತೆ ತಂತಿಗೆ. ಹೀಗೆ ಇಣಚಿ ಏಳುವ ಹೊತ್ತಿಗೆ ತಟ್ಟೆಯಲ್ಲಿ ಉಳಿಯುವುದು ಬರೀ ಹೊಟ್ಟು.

ಇಣಚಿ ತಿನ್ನುವುದನ್ನು ಹತ್ತಿರದಿಂದ ನೋಡಿದ್ದೀರಾ? ಹಿಂಗಾಲಿನ ಉಗುರುಗಳನ್ನು ತಟ್ಟೆಯ ಅಂಚಿಗೆ ಸಿಕ್ಕಿಸಿ ತಲೆ ಕೆಳಗೆ ಮಾಡಿ ಜೋತು ಬೀಳುತ್ತದೆ. ಅದರ ಹಿಂಗಾಲಿನ ಹರಡು ಹಿಂದಕ್ಕೆ ತಿರುಗುತ್ತದೆ. ಹಾಗಾಗಿ ಗಿಡದಿಂದ ಇಳಿಯುವಾಗಲೂ ಅದಕ್ಕೆ ತಲೆಯೇ ಮುಂದು. ಹಾಗೆ ಜೋತಾಡುತ್ತಲೇ ಎರಡೂ ಕೈಯಲ್ಲಿ ಶೇಂಗಾ ಕಾಳು ಹಿಡಿದು ಗರಗರ ತಿರುಗಿಸುತ್ತದೆ. ಕೆಂಪು ಸಿಪ್ಪೆ ಚೂರುಚೂರಾಗಿ ಉದುರುತ್ತದೆ, ಬಿಳಿ ಕಾಳು ಬಾಯಿಗೆ ಹೋಗುತ್ತದೆ. ಮೀಸೆ ಅದುರುತ್ತಿರುತ್ತದೆ, ಕಣ್ಣು ಮಾತ್ರ ನಮ್ಮ ಮೇಲೆ. ನನಗೆ ಅದರ ಮೇಲೆ ಸಿಟ್ಟಿಲ್ಲ. ಅಷ್ಟು ಚೆಂದದ ಜೀವಿಯ ಮೇಲೆ ಸಿಟ್ಟು ಬರುವುದಾದರೂ ಹೇಗೆ? ಆದರೆ ನಾನು ತಟ್ಟೆ ಕಟ್ಟಿದ್ದು ಗುಬ್ಬಿಗಳಿಗೆ. ಗುಬ್ಬಿಗೆ ಅಂತ ಇಟ್ಟದ್ದು ಗುಬ್ಬಿಗೆ ಸಿಗಬೇಕು ಅನ್ನುವುದು ಸಣ್ಣತನವಾ, ನ್ಯಾಯವಾ? ಎಷ್ಟೋ ದಿನದಿಂದ ಇದನ್ನೇ ಯೋಚಿಸುತ್ತಿದ್ದೇನೆ.

ಬೇರೆ ದೇಶದ ಅಳಿಲು

ಇಣಚಿಯನ್ನು ಕಾಳಿನಿಂದ ದೂರ ಇಡುವುದು ಹೇಗೆ ಅಂತ ಮೊಬೈಲಿನಲ್ಲಿ ಹುಡುಕಿದರೆ ಉಪಾಯಗಳಿಗೆ ಬರವಿಲ್ಲ. ಅವುಗಳಲ್ಲಿ ಹೆಚ್ಚಿನವು ಅಮೆರಿಕ, ಇಂಗ್ಲೆಂಡಿನವು. ಅಲ್ಲಿಯ ಬೂದು ಅಳಿಲು ಸುಮಾರು ಅರ್ಧ ಕಿಲೋ ತೂಗುವ ಪ್ರಾಣಿ. ನಮ್ಮ ಬೆನ್ನಿನ ಗೆರೆಯ ಇಣಚಿ ನೂರು ಗ್ರಾಮಿನ ಆಸುಪಾಸು. ಈ ಒಂದು ವ್ಯತ್ಯಾಸದಲ್ಲೇ ಅಲ್ಲಿಯ ಅರ್ಧ ಉಪಾಯಗಳು ಇಲ್ಲಿ ಕೆಲಸಕ್ಕೆ ಬಾರದೆ ಹೋಗುತ್ತವೆ.

ಅಲ್ಲಿ ಸ್ಪ್ರಿಂಗ್ ಇರುವ ಡಬ್ಬಿಗಳು ಸಿಗುತ್ತವೆ. ಭಾರದ ಪ್ರಾಣಿ ಕೂತರೆ ಹೊರಗಿನ ಕವಚ ಕೆಳಗೆ ಜಾರಿ ಕಾಳಿನ ಕಿಂಡಿ ಮುಚ್ಚಿಕೊಳ್ಳುತ್ತದೆ. ಹಗುರ ಹಕ್ಕಿ ಕೂತರೆ ಕಿಂಡಿ ತೆರೆದೇ ಇರುತ್ತದೆ. ಒಳ್ಳೆಯ ಯೋಚನೆ. ಆದರೆ ಅರ್ಧ ಕಿಲೋ ಅಳಿಲಿಗೆ ಹೊಂದಿಸಿದ ಸ್ಪ್ರಿಂಗು ನಮ್ಮ ಇಣಚಿ ಕೂತರೆ ಅಲುಗಾಡುವುದೂ ಕಷ್ಟ. ಸ್ಪ್ರಿಂಗನ್ನು ಇನ್ನೂ ಸೂಕ್ಷ್ಮ ಮಾಡಿದರೆ ಬೇರೆ ತೊಡಕು. ಗೊರವಂಕ ಒಂದು ನೂರಾ ಹತ್ತು ಗ್ರಾಮು ತೂಗುತ್ತದೆ, ಗಿಣಿ ನೂರಾ ಇಪ್ಪತ್ತರ ಹತ್ತಿರ. ಇಣಚಿಗೆ ಮುಚ್ಚುವ ಕಿಂಡಿ ಅವಕ್ಕೂ ಮುಚ್ಚುತ್ತದೆ. ಇಪ್ಪತ್ತೈದು ಮೂವತ್ತು ಗ್ರಾಮಿನ ಗುಬ್ಬಿಗೆ ಮಾತ್ರ ಸಾಕು ಅನ್ನುವವರಿಗೆ ಅದು ಆದೀತು. ತೂಕ ನೋಡಿ ಇಣಚಿಯನ್ನೂ ಗೊರವಂಕವನ್ನೂ ಬೇರೆ ಮಾಡುವುದು ನಮ್ಮ ಊರಿನಲ್ಲಿ ಆಗದ ಮಾತು.

ಜಾಲರಿ ಪಂಜರದ ಕಥೆಯೂ ಅಷ್ಟೇ. ಕಾಳಿನ ಡಬ್ಬಿಯ ಸುತ್ತ ಒಂದೂವರೆ ಇಂಚಿನ ಕಿಂಡಿಗಳ ತಂತಿ ಜಾಲರಿ ಹಾಕಿದರೆ ಅಲ್ಲಿಯ ಅಳಿಲು ಒಳಗೆ ಹೋಗಲಾರದು. ನಮ್ಮದು ತಲೆ ತೂರಿಸಿದರೆ ಮೈಯನ್ನೂ ಎಳೆದುಕೊಳ್ಳುತ್ತದೆ. ಹಾಗಂತ ಜಾಲರಿ ದಂಡ ಅಂತ ನಾನು ಹೇಳುವುದಿಲ್ಲ. ಪಾರಿವಾಳ, ಕಾಗೆಗಳನ್ನು ಅದು ಚೆನ್ನಾಗಿ ತಡೆಯುತ್ತದೆ. ಪಾರಿವಾಳದ ಕಾಟ ಇರುವ ಹುಬ್ಬಳ್ಳಿಯ ಅಪಾರ್ಟ್‌ಮೆಂಟಿನವರಿಗೆ ಇಣಚಿಗಿಂತ ಅದೇ ದೊಡ್ಡ ಚಿಂತೆ, ಅವರಿಗೆ ಜಾಲರಿಯೇ ಸರಿ.

ಇನ್ನು ಕೆಲವರು ಕಂಬಕ್ಕೆ ಗ್ರೀಸು ಹಚ್ಚಿ ಅನ್ನುತ್ತಾರೆ. ದಯವಿಟ್ಟು ಹಚ್ಚಬೇಡಿ. ಗ್ರೀಸು ಹಕ್ಕಿಯ ಪುಕ್ಕಕ್ಕೆ ತಾಗಿದರೆ ಪುಕ್ಕ ಅಂಟಿಕೊಂಡು ಮುದ್ದೆಯಾಗುತ್ತದೆ. ಮಳೆಯಲ್ಲಿ ನೀರು ಜಾರುವುದಿಲ್ಲ, ಚಳಿಯಲ್ಲಿ ಮೈ ಬೆಚ್ಚಗೆ ಉಳಿಯುವುದಿಲ್ಲ. ಇಣಚಿಯ ಕೂದಲಿಗೂ ಅದೇ ಗತಿ. ಇಲಿಗೆ ಇಡುವ ಅಂಟಿನ ಹಲಗೆಯನ್ನು ಇದಕ್ಕೆ ಬಳಸುವವರೂ ಇದ್ದಾರೆ. ಅದರ ಬಗ್ಗೆ ಬರೆಯಲೂ ಮನಸ್ಸಾಗುವುದಿಲ್ಲ. ಅಂಟಿನಲ್ಲಿ ಸಿಕ್ಕ ಜೀವ ಗಂಟೆಗಟ್ಟಲೆ ಒದ್ದಾಡಿ ಸಾಯುತ್ತದೆ. ಅದರ ಪಕ್ಕದಲ್ಲೇ ಹಕ್ಕಿಗೆ ಕಾಳು ಇಡುವುದರಲ್ಲಿ ಏನು ಅರ್ಥ?

ಖಾರದ ಮಾತು

ಅಲ್ಲಿಯ ಉಪಾಯಗಳಲ್ಲಿ ನಮ್ಮ ಸೀಮೆಯವರ ಕಿವಿ ನಿಮಿರಿಸುವಂಥದ್ದು ಒಂದಿದೆ: ಕಾಳಿಗೆ ಖಾರದ ಪುಡಿ ಕಲಸುವುದು. ಅಳಿಲು ಬಾಯಿ ಸುಟ್ಟುಕೊಂಡು ಓಡುತ್ತದೆ, ಹಕ್ಕಿಗೆ ಏನೂ ಆಗುವುದಿಲ್ಲ. ಮೊದಲು ಓದಿದಾಗ ನಂಬಿಕೆ ಬರಲಿಲ್ಲ. ಆಮೇಲೆ ನೆನಪಾಯಿತು. ಮೆಣಸಿನಕಾಯಿ ಹೊಲದಲ್ಲಿ ಗಿಣಿಗಳು ಹಣ್ಣು ಕಾಯಿಯನ್ನೇ ಆರಿಸಿ ಕುಕ್ಕುತ್ತವೆ. ಹಿತ್ತಲಲ್ಲಿ ತಾನಾಗಿ ಹುಟ್ಟಿದ ಮೆಣಸಿನ ಗಿಡಕ್ಕೆ ಪಿಕಳಾರ ಬಂದು ಹಣ್ಣಾದ ಕಾಯಿ ನುಂಗಿ ಹೋಗುವುದನ್ನು ಎಲ್ಲರೂ ನೋಡಿದ್ದೇವೆ. ಒಂದಕ್ಕೂ ಕಣ್ಣಲ್ಲಿ ನೀರು ಬಂದದ್ದಿಲ್ಲ.

ಇದರ ಕಾರಣ ವಿಜ್ಞಾನಿಗಳಿಗೆ ಗೊತ್ತಿದೆ. ಮೆಣಸಿನಕಾಯಿಯ ಖಾರದ ಅಂಶ ಕ್ಯಾಪ್ಸೈಸಿನ್. ನಮ್ಮ ನರಗಳ ತುದಿಯಲ್ಲಿ ಬಿಸಿಯನ್ನು ಗುರುತಿಸುವ ಒಂದು ಪ್ರೋಟೀನ್ ಇದೆ. ಕ್ಯಾಪ್ಸೈಸಿನ್ ಅದಕ್ಕೆ ಹೋಗಿ ಅಂಟಿಕೊಂಡರೆ ನಮಗೆ ಬಾಯಿ ಸುಟ್ಟಂತೆ ಆಗುತ್ತದೆ. ಈ ಪ್ರೋಟೀನನ್ನು ಪತ್ತೆ ಮಾಡಿದ ಡೇವಿಡ್ ಜೂಲಿಯಸ್‌ಗೆ 2021ರಲ್ಲಿ ನೊಬೆಲ್ ಬಂತು. ಅವರ ತಂಡ 2002ರಲ್ಲಿ ಕೋಳಿಯ ಪ್ರೋಟೀನನ್ನೂ ಪರೀಕ್ಷಿಸಿತ್ತು. ಹಕ್ಕಿಗಳಲ್ಲೂ ಅದು ಇದೆ, ಬಿಸಿಯೂ ತಿಳಿಯುತ್ತದೆ. ಆದರೆ ಅದರ ರಚನೆಯಲ್ಲಿ ಸ್ವಲ್ಪ ಫರಕು ಇರುವುದರಿಂದ ಕ್ಯಾಪ್ಸೈಸಿನ್ ಅದನ್ನು ಕೆರಳಿಸಲಾರದು. ಇಣಚಿ, ಇಲಿ, ನಾವು ಎಲ್ಲ ಹಾಲುಣಿಸುವ ಜಾತಿ. ಖಾರ ನಮಗೆಲ್ಲ ಒಂದೇ.

ಗಿಡಕ್ಕೆ ಇದರಿಂದ ಏನು ಲಾಭ? ಅದನ್ನೂ ನೋಡಿದ್ದಾರೆ. ಅಮೆರಿಕದ ಅರಿಜೋನಾದಲ್ಲಿ ಕಾಡು ಮೆಣಸಿನಕಾಯಿಯ ಮೇಲೆ ಮಾಡಿದ ಅಧ್ಯಯನವೊಂದು 2001ರಲ್ಲಿ ಪ್ರಕಟವಾಯಿತು. ಹಕ್ಕಿ ನುಂಗಿದ ಬೀಜ ಹಿಕ್ಕೆಯಲ್ಲಿ ಹೊರಬಂದು ಮೊಳೆಯುತ್ತದೆ. ಇಲಿಯಂಥವು ತಿಂದರೆ ಬೀಜ ಹಲ್ಲಿಗೆ ಸಿಕ್ಕು ಹಾಳಾಗುತ್ತದೆ. ಹಾಗಾಗಿ ಬೀಜ ಹರಡುವವರನ್ನು ಬರಗೊಟ್ಟು ಬೀಜ ಕಡಿಯುವವರನ್ನು ದೂರ ಇಡುವ ಕೆಲಸವನ್ನು ಮೆಣಸಿನಕಾಯಿ ತಾನೇ ಮಾಡಿಕೊಂಡಿದೆ. ಇದನ್ನು ಓದಿದ ದಿನ ನನಗೆ ಬಹಳ ಸಮಾಧಾನವಾಯಿತು. ಯಾರಿಗೆ ಬಾಗಿಲು ತೆರೆಯಬೇಕು, ಯಾರಿಗೆ ಮುಚ್ಚಬೇಕು ಅನ್ನುವ ಲೆಕ್ಕ ಒಂದು ಗಿಡಕ್ಕೂ ಇದೆ ಅಲ್ವಾ?

ಇಲ್ಲಿ ನಮ್ಮ ಕಡೆಯವರಿಗೆ ಒಂದು ಮಾತು. ಬ್ಯಾಡಗಿ ಮೆಣಸಿನಕಾಯಿ ಈ ಕೆಲಸಕ್ಕೆ ಆಗುವುದಿಲ್ಲ. ಹಾವೇರಿ ಜಿಲ್ಲೆಯ ಬ್ಯಾಡಗಿ ಪೇಟೆಯಲ್ಲಿ ಸುಗ್ಗಿಯ ದಿನಗಳಲ್ಲಿ ಚೀಲಗಳ ರಾಶಿ ನೋಡಿದವರು ಆ ಕೆಂಪಿಗೆ ಬೆರಗಾಗುತ್ತಾರೆ. ಆದರೆ ಡಬ್ಬಿ ತಳಿ ಇರಲಿ, ಕಡ್ಡಿ ತಳಿ ಇರಲಿ, ಬ್ಯಾಡಗಿಯ ಹೆಸರು ಬಣ್ಣಕ್ಕೆ. ಖಾರ ಕಡಿಮೆ. ಅದಕ್ಕೇ ತಾನೇ ನಮ್ಮ ಮನೆಗಳಲ್ಲಿ ಸಾರಿನ ಪುಡಿಗೆ ಬ್ಯಾಡಗಿಯ ಜೊತೆ ಗುಂಟೂರು ಸೇರಿಸುವುದು. 2011ರಲ್ಲಿ ಭೌಗೋಳಿಕ ಗುರುತು ಪಡೆದ ಈ ಕಾಯಿಯ ಬಣ್ಣ ತುಟಿಗೆ ಹಚ್ಚುವ ಲಿಪ್‌ಸ್ಟಿಕ್‌ವರೆಗೂ ಹೋಗುತ್ತದೆ. ಇಣಚಿ ಮಾತ್ರ ಅದಕ್ಕೆ ಹೆದರುವುದಿಲ್ಲ. ಹೆದರಿಸಬೇಕಾದರೆ ಗುಂಟೂರಿನ ಖಾರವೇ ಬೇಕು.

ಅದು ಬೇಕಾ ಅನ್ನುವುದು ಬೇರೆ ಪ್ರಶ್ನೆ. ನಾನು ಬೇಡ ಅಂದುಕೊಂಡೆ. ಧಾರವಾಡದ ಗಾಳಿ ನಿಮಗೆ ಗೊತ್ತು. ಆಷಾಢದಲ್ಲಿ ಒಣಹಾಕಿದ ಸೀರೆ ಪಕ್ಕದ ಓಣಿಯಲ್ಲಿ ಸಿಗುತ್ತದೆ. ಅಂಥ ಗಾಳಿಯಲ್ಲಿ ಖಾರಪುಡಿ ತಟ್ಟೆಯಲ್ಲಿ ನಿಲ್ಲುತ್ತದಾ? ಹಿತ್ತಲಲ್ಲಿ ಆಡುವ ಮಕ್ಕಳ ಕಣ್ಣಿಗೆ ಹೋಗುತ್ತದೆ. ಮತ್ತೊಂದು, ಇಣಚಿ ತಿಂದಾದ ಮೇಲೆ ಎರಡೂ ಕೈಯಿಂದ ಮುಖ ಒರೆಸಿಕೊಳ್ಳುತ್ತದೆ. ಕಿವಿಯ ಹಿಂದಿನಿಂದ ಮೂತಿಯ ತನಕ, ಮತ್ತೆ ಮತ್ತೆ. ಆ ಕೈಗೆ ಗುಂಟೂರು ಖಾರ ಮೆತ್ತಿದ್ದರೆ ಅದರ ಕಣ್ಣು ಏನಾಗಬೇಕು? ದೂರ ಇಡುವುದಕ್ಕೆ ಅಷ್ಟು ನೋವು ಕೊಡಬೇಕಾಗಿಲ್ಲ.

ಅಟ್ಟದ ಮೇಲಿನ ಅಜ್ಜ

ನನ್ನ ಅಜ್ಜನ ಹೊಲ ಅಣ್ಣಿಗೇರಿ ಕಡೆ. ಎರಿ ಹೊಲ, ಹಿಂಗಾರಿಗೆ ಬಿಳಿಜೋಳ. ತೆನೆ ಹಾಲುಗಾಳಾಗುವ ಹೊತ್ತಿಗೆ ಹೊಲದ ನಡುವೆ ನಾಲ್ಕು ಬೊಡ್ಡೆ ನೆಟ್ಟು ಅಟ್ಟ ಕಟ್ಟುತ್ತಿದ್ದರು. ರಜೆಯಲ್ಲಿ ಹೋದರೆ ನಾನೂ ಅಜ್ಜನ ಜೊತೆ ಅಟ್ಟ ಏರುತ್ತಿದ್ದೆ. ಬೆಳಕು ಹರಿಯುವ ಮುಂಚೆಯೇ ಹೋಗಬೇಕು, ಹಕ್ಕಿ ಮೊದಲು ಬೀಳುವುದು ಆಗಲೇ. ಅಟ್ಟದ ಮೇಲೆ ಕೂತರೆ ಕೆಳಗೆ ಇಡೀ ಹೊಲ ತೆನೆಯ ತುದಿಗಳು ಮಾತ್ರ ಕಾಣುವ ಹಾಗೆ ಹಬ್ಬಿರುತ್ತಿತ್ತು. ಇಬ್ಬನಿಗೆ ಕಂಬಳಿ ತೊಯ್ದು ಭಾರವಾಗುತ್ತಿತ್ತು. ಅಜ್ಜನ ಮಗ್ಗುಲಲ್ಲಿ ಎರಿಮಣ್ಣಿನ ಹೆಂಟೆಗಳ ಗುಂಪು, ಕೈಯಲ್ಲಿ ಸೆಣಬಿನ ಕವಣೆ.

ಗುಬ್ಬಿಗಳ ಹಿಂಡು ಒಂದು ಮೂಲೆಗೆ ಇಳಿದರೆ ತೆನೆಗಳು ಬಾಗಿ ತೂಗಾಡುವುದು ಕಾಣುತ್ತಿತ್ತು. ಅಜ್ಜ ಎದ್ದು ನಿಂತು ಕವಣೆಯನ್ನು ತಲೆಯ ಮೇಲೆ ತಿರುಗಿಸಿ ಒಂದು ಎಳೆ ಬಿಟ್ಟರೆ ‘ಫಟ್’ ಅಂತ ಚಾಟಿಯ ಸಪ್ಪಳ. ಹೆಂಟೆ ಹಿಂಡಿನ ಮೇಲಿಂದ ಹಾದು ಆಚೆ ಬದುವಿನಲ್ಲಿ ಬೀಳುತ್ತಿತ್ತು. ಹಿಂಡು ಒಮ್ಮೆಲೇ ಏಳುತ್ತಿತ್ತು. ನಾನು ಒಂದು ಸಲ ಕವಣೆ ಇಸಿದುಕೊಂಡು ಹಿಂಡಿಗೇ ಗುರಿ ಇಟ್ಟೆ. ಅಜ್ಜ ಕೈ ಹಿಡಿದ.

“ಹೊಡೀಬ್ಯಾಡವಾ. ಹಾರಸು. ಹಾರಸೂದು ಬ್ಯಾರೆ, ಹೊಡಿಯೂದು ಬ್ಯಾರೆ.”

“ಮತ್ತ ಅವು ನಮ್ಮ ಜ್ವಾಳಾ ತಿಂತಾವಲ್ಲಜ್ಜಾ?”

“ತಿನ್ನಲಿ. ಸುಗ್ಗಿ ಆಗಲಿ, ಅವಕ್ಕ ಇಡೂದು ಐತಿ.”

ಇಡುವುದು ನಿಜವಾಗಿಯೂ ಇತ್ತು. ತೆನೆ ಕೊಯ್ದು ಕಣಕ್ಕೆ ತಂದು ಹಂತಿ ಕಟ್ಟಿ ರಾಶಿ ಮಾಡಿದ ಮೇಲೆ ಕಣದ ಅಂಚಿನ ಕಾಳನ್ನು ಯಾರೂ ಗುಡಿಸುತ್ತಿರಲಿಲ್ಲ. ಚೆಂದದ ತೆನೆಗಳನ್ನು ಮೊದಲೇ ಆರಿಸಿ ಗೊಂಚಲು ಕಟ್ಟಿ ಮನೆಯ ಪಡಸಾಲೆಯ ಜಂತಿಗೆ ತೂಗುಹಾಕುತ್ತಿದ್ದರು. ಮಾಳಿಗೆ ಮನೆ, ಜಂತಿಗಳ ಸಂದಿಯಲ್ಲಿ ಗುಬ್ಬಿ ಗೂಡು. ಹೊಲದಲ್ಲಿ ಬೆಳಗಿನಿಂದ ಹಾರಿಸಿದ ಅದೇ ಗುಬ್ಬಿಗಳು ಮಧ್ಯಾಹ್ನ ಮನೆಯೊಳಗೆ ಅಜ್ಜನ ತಲೆಯ ಮೇಲೇ ತೆನೆಗೆ ಜೋತುಬಿದ್ದು ಉಣ್ಣುತ್ತಿದ್ದವು. ಹೊಟ್ಟು ಉದುರಿ ಅಜ್ಜಿ ಬೈಯುತ್ತಿದ್ದಳು, ಆದರೆ ಗೊಂಚಲು ತೆಗೆದದ್ದಿಲ್ಲ. ಸೀಗಿ ಹುಣ್ಣಿಮೆಗೆ, ಎಳ್ಳಮವಾಸ್ಯೆಗೆ ಹೊಲದ ತುಂಬ ಚರಗ ಚೆಲ್ಲುತ್ತಿದ್ದರು. ಕಡಬು, ಸಜ್ಜೆ ರೊಟ್ಟಿಯ ಚೂರು ಇರುವೆಗೂ ಹಕ್ಕಿಗೂ ಸೇರುತ್ತಿತ್ತು. ಅಲ್ಲಿ ಯಾರೂ ಯಾರನ್ನೂ ಹಾರಿಸುತ್ತಿರಲಿಲ್ಲ.

ತಟ್ಟೆಯ ಇಣಚಿ ನನ್ನನ್ನು ಕಾಡುವಾಗ ನನಗೆ ನೆನಪಾಗುವುದು ಇದು. ಉಣಿಸುವ ಕೈಯೇ ಹಾರಿಸುವ ಕೈಯೂ ಆಗಿತ್ತು. ಅಜ್ಜನಿಗೆ ಅದರಲ್ಲಿ ಏನೂ ತೊಡಕು ಕಾಣಲಿಲ್ಲ. ಯಾವ ಜಾಗ ಯಾರದು, ಯಾವ ಹೊತ್ತು ಯಾರದು ಅನ್ನುವುದನ್ನು ಗೊತ್ತುಮಾಡಿ ಅಷ್ಟನ್ನು ಮಾತ್ರ ಕಾಯುತ್ತಿದ್ದ. ಉಳಿದ ಹೊತ್ತು ಸಿಟ್ಟಿಲ್ಲದೆ ಇರುತ್ತಿದ್ದ.

ಕಾಕು ಕೇಳಿದ್ದು

ಮಾವಿನ ಗಿಡದ ಮನೆಯ ಕಾಕು ನಾನು ತಟ್ಟೆ ಬಿಚ್ಚುವುದನ್ನು ನೋಡಿ ಗೋಡೆಯ ಹತ್ತಿರ ಬಂದರು.

“ಯಾಕವಾ ತಂಗಿ, ತಾಟು ತಗೀಲಿಕತ್ತಿ?”

“ಇಣಚಿ ಕಾಟ ಕಾಕು. ಗುಬ್ಬಿಗೆ ಒಂದು ಕಾಳು ಬಿಡವಲ್ದು. ಮ್ಯಾಲೆ ಮಾಳಗಿ ಮ್ಯಾಲ ಕಟ್ಟತೀನಿ.”

“ಅದು ರಾಮದೇವರ ಇಣಚಿ. ಬೆನ್ನ ಮ್ಯಾಲಿನ ಗೆರಿ ನೋಡು. ಅದಕ್ಕೂ ಹೊಟ್ಟಿ ಇಲ್ಲೇನವಾ?”

ಕಾಕು ಅಂದದ್ದನ್ನು ತಳ್ಳಿಹಾಕಲಾರೆ. ಸೇತುವೆಗೆ ಮರಳು ಹೊತ್ತ ಅಳಿಲಿನ ಕಥೆ ಕೇಳಿ ಬೆಳೆದವರು ನಾವೆಲ್ಲ. ಆದರೆ ಹೊಟ್ಟೆಯ ಲೆಕ್ಕ ಹಾಕುವುದಾದರೆ ಪೂರ್ತಿ ಹಾಕಬೇಕು. ಇಣಚಿಗೆ ಈ ಓಣಿಯಲ್ಲಿ ಏನು ಕಡಿಮೆ ಇದೆ? ಕಾಕು ಗಿಡದ ಮಾವು, ನಮ್ಮ ಪೇರಲ, ಮೂಲೆಯ ಹುಣಸೆ, ನುಗ್ಗೆಯ ಹೂವು, ಹುಳ, ಅಡುಗೆಮನೆಯ ಕಿಟಕಿಯಲ್ಲಿ ಒಣಹಾಕಿದ ಶೇಂಗಾ. ಗೂಡಿಗೆ ಗಿಡದ ಕವಲೂ ಆಗುತ್ತದೆ, ನೀರಿನ ಟ್ಯಾಂಕಿನ ಸಂದಿಯೂ ಆಗುತ್ತದೆ. ಊರು ಬೆಳೆದಷ್ಟೂ ಇಣಚಿ ಹೊಂದಿಕೊಂಡಿದೆ. ಸಂದರ್ಭ ಸಿಕ್ಕರೆ ಹಕ್ಕಿಯ ಮೊಟ್ಟೆ, ಮರಿಗಳನ್ನೂ ಅದು ಬಿಡುವುದಿಲ್ಲ.

ಗುಬ್ಬಿಯ ಸ್ಥಿತಿ ಹಾಗಿಲ್ಲ. ಜಂತಿ ಮನೆ ಹೋಗಿ ಆರ್‌ಸಿಸಿ ಬಂತು, ಗೂಡಿನ ಸಂದಿ ಹೋಯಿತು. ಮನೆಯ ಮುಂದೆ ಜೋಳ ಹಸನು ಮಾಡಿ ಕೇರುವವರಿಲ್ಲ, ನುಚ್ಚು ಬೀಳುವುದಿಲ್ಲ. ಹೊಲದಲ್ಲೂ ಬದಲಾಗಿದೆ. ಹಾವೇರಿ, ಧಾರವಾಡದ ಎಷ್ಟೋ ಜೋಳದ ಹೊಲಗಳು ಈಗ ಗೋವಿನಜೋಳ, ಬಿ.ಟಿ. ಹತ್ತಿ. ಬಿಳಿಜೋಳದ ತೆನೆ ಬಿಚ್ಚಿಕೊಂಡ ತೆನೆ, ಗುಬ್ಬಿ ಕೂತು ಕಾಳು ಹೆಕ್ಕಬಹುದು. ಗೋವಿನಜೋಳದ ತೆನೆಗೆ ಸಿಪ್ಪೆಯ ಹೊದಿಕೆ. ಗಿಣಿಯ ಕೊಕ್ಕು ಸೀಳೀತು, ಗುಬ್ಬಿಯ ಕೊಕ್ಕಿಗೆ ಅದು ಸಿಗುವುದಿಲ್ಲ. 2010ರಿಂದ ಮಾರ್ಚ್ 20ನ್ನು ಗುಬ್ಬಿಗಳ ದಿನ ಅಂತ ಆಚರಿಸುತ್ತಾರೆ. ಮನುಷ್ಯರ ಜೊತೆಗೇ ಸಾವಿರಾರು ವರ್ಷ ಬಾಳಿದ ಹಕ್ಕಿಗೆ ಒಂದು ದಿನ ಮೀಸಲಿಡುವ ಕಾಲ ಬಂತಲ್ಲ ಅಂತ ನನಗೆ ಪ್ರತಿ ವರ್ಷ ಸಂಕಟವಾಗುತ್ತದೆ.

ಆದ್ದರಿಂದ ನನ್ನ ಪಕ್ಷಪಾತ ಇರುವುದು ಗುಬ್ಬಿಯ ಕಡೆ. ಅದನ್ನು ಕಾಕುಗೂ ಹೇಳಿದೆ. ನಿನ್ನ ಗಿಡದ ಹಣ್ಣು ಇಣಚಿಗೆ, ನನ್ನ ನವಣೆ ಗುಬ್ಬಿಗೆ ಅಂದೆ. ಕಾಕು ಸ್ವಲ್ಪ ಹೊತ್ತು ಸುಮ್ಮನಿದ್ದು, “ನೀರು ಮಾತ್ರ ಎಲ್ಲಾರಿಗೂ ಇಡವಾ” ಅಂದರು. ಆ ಮಾತು ನನಗೆ ಬಹಳ ಹಿಡಿಸಿತು. ಆಗಿನಿಂದ ನೀರಿನ ಬೋಗುಣಿ ಕೆಳಗೆ ಹಿತ್ತಲಲ್ಲೇ ಇದೆ. ಅಗಲದ ಮಣ್ಣಿನ ಬೋಗುಣಿ, ಎರಡು ಬೆರಳು ಆಳದ ನೀರು, ಕಾಲೂರಲು ನಡುವೆ ಒಂದು ಕಲ್ಲು. ಏಪ್ರಿಲಿನ ಬಿಸಿಲಲ್ಲಿ ಅಲ್ಲಿಗೆ ಗೊರವಂಕ, ಬೆಳವ, ಹರಟೆಮಲ್ಲಗಳ ಗುಂಪು, ಇಣಚಿ ಎಲ್ಲವೂ ಬರುತ್ತವೆ. ನಲ್ಲಿ ನೀರಿಗೆ ದಿನಗಟ್ಟಲೆ ಕಾದು ಕೊಡ ತುಂಬಿಸಿಟ್ಟ ಊರು ನಮ್ಮದು. ನೀರಿನ ವಿಷಯದಲ್ಲಿ ಇವರಿಗೆ ಉಂಟು ಅವರಿಗಿಲ್ಲ ಅನ್ನಲು ಇಲ್ಲಿ ಯಾರಿಗೂ ಬಾಯಿ ಬರುವುದಿಲ್ಲ.

ಮಾಳಿಗೆಯ ಮೇಲೆ

ಕಾಳಿನ ತಟ್ಟೆ ಈಗ ಮಾಳಿಗೆಯ ಮೇಲಿದೆ. ಅಮೆರಿಕ, ಇಂಗ್ಲೆಂಡಿನವರು ಹೇಳುವ ಒಂದು ನಿಯಮ ನಮ್ಮಲ್ಲೂ ನಡೆಯುತ್ತದೆ: ತಟ್ಟೆ ನೆಲದಿಂದ ಐದು ಅಡಿ ಎತ್ತರ ಇರಲಿ, ಗಿಡ, ಗೋಡೆ, ತಂತಿ ಯಾವುದೇ ಇರಲಿ ಹತ್ತು ಅಡಿ ದೂರ ಇರಲಿ. ಈ ಅಳತೆ ದೊಡ್ಡ ಅಳಿಲಿನ ಜಿಗಿತಕ್ಕೆ ಮಾಡಿದ್ದು. ನಮ್ಮದಕ್ಕೆ ಧಾರಾಳವಾಯಿತು. ಮೂವತ್ತು ನಲವತ್ತರ ಸೈಟಿನ ಹಿತ್ತಲಲ್ಲಿ ಹತ್ತು ಅಡಿ ಬಯಲು ಎಲ್ಲಿ ಸಿಗಬೇಕು? ಮಾಳಿಗೆಯ ನಡುವೆ ಸಿಗುತ್ತದೆ. ಹಳೇ ಬಕೆಟ್ಟಿನಲ್ಲಿ ಸಿಮೆಂಟು ತುಂಬಿ ನಾಲ್ಕು ಇಂಚಿನ ಪಿವಿಸಿ ಪೈಪು ನಿಲ್ಲಿಸಿದ್ದೇವೆ. ಇಣಚಿ ಗಿಡ ಏರುವುದು ಉಗುರು ಊರಿ. ಸಿಮೆಂಟಿನ ಗೋಡೆಯಲ್ಲೂ ಅದಕ್ಕೆ ಉಗುರಿಗೆ ಹಿಡಿತ ಸಿಗುತ್ತದೆ. ನುಣುಪಾದ ದಪ್ಪ ಪೈಪಿನಲ್ಲಿ ಉಗುರು ಕಚ್ಚುವುದಿಲ್ಲ, ತೋಳಲ್ಲಿ ಅಪ್ಪಿಕೊಳ್ಳಲೂ ಆಗುವುದಿಲ್ಲ.

ಪೈಪು ಹಳೆಯದಾದರೆ ಬಿಸಿಲಿಗೆ ಒರಟಾಗುತ್ತದೆ. ಅದಕ್ಕೆ ಹುಬ್ಬಳ್ಳಿ ದುರ್ಗದ ಬೈಲಿನ ಹತ್ತಿರ ತಗಡಿನ ಕೆಲಸ ಮಾಡುವವರಿಂದ ಎಣ್ಣೆ ಡಬ್ಬಿಯ ತಗಡಿನಲ್ಲಿ ಒಂದು ಕೊಡೆ ಮಾಡಿಸಿದೆ. ತಟ್ಟೆಯಿಂದ ಒಂದು ಅಡಿ ಕೆಳಗೆ, ಬಾಯಿ ಕೆಳಮುಖವಾಗಿ ಪೈಪಿಗೆ ಸಿಕ್ಕಿಸಿದ್ದೇವೆ. ಅದನ್ನು ಮಾಡಿಕೊಟ್ಟ ಅಣ್ಣಾರು ಏನಕ್ಕೆ ಅಂತ ಕೇಳಿ ತಿಳಿದುಕೊಂಡು, ಅಂಚನ್ನು ಎರಡು ಸಲ ಮಡಚಿ ಬಡಿದುಕೊಟ್ಟರು. “ಹಕ್ಕಿ ಕಾಲಿಗೆ, ಇಣಚಿ ಕೈಗೆ ಹತ್ತಬಾರದ್ರೀ” ಅಂದರು. ಆ ಮಡಿಕೆಗೆ ಬೇರೆ ದುಡ್ಡು ತೆಗೆದುಕೊಳ್ಳಲಿಲ್ಲ. ಇಣಚಿ ಪೈಪು ಏರಿ ಬಂದರೂ ಕೊಡೆಯೊಳಗೆ ತಲೆ ತಾಗಿ ಇಳಿದು ಹೋಗುತ್ತದೆ.

ಕಂಬದಷ್ಟೇ ಕೆಲಸ ಮಾಡುವುದು ಕಾಳಿನ ಆಯ್ಕೆ. ಇಣಚಿಗೆ ಶೇಂಗಾ, ಸೂರ್ಯಪಾನದ ಬೀಜ, ಹಣ್ಣು ಅಂದರೆ ಪ್ರಾಣ. ಅವನ್ನು ಇಡುವುದು ಬಿಟ್ಟೆ. ನವಣೆ, ಸಜ್ಜೆ, ಜೋಳದ ನುಚ್ಚು ಗುಬ್ಬಿಗೆ, ರಾಟವಾಳಕ್ಕೆ ಹಿಡಿಸುತ್ತದೆ. ಒಂದೊಂದೇ ಸಣ್ಣ ಕಾಳು ಹೆಕ್ಕಿ ತಿನ್ನುವ ತಾಳ್ಮೆ ಇಣಚಿಗೆ ಕಡಿಮೆ, ಬೇರೇನೂ ಇಲ್ಲದಾಗ ಮಾತ್ರ ಕೂರುತ್ತದೆ. ಅಮೆರಿಕದಲ್ಲಿ ಅಳಿಲು ಮುಟ್ಟದ ಬೀಜ ಅಂತ ಕುಸುಬಿಯನ್ನು ಚೀಲದಲ್ಲಿ ಮಾರುತ್ತಾರೆ. ಗದಗ, ಧಾರವಾಡದ ಎರಿ ಹೊಲಗಳಲ್ಲಿ ನಾವೇ ಬೆಳೆಯುವ ಕುಸುಬಿ! ಜೋಳದ ಹೊಲದ ಸುತ್ತ ದನ ನುಗ್ಗದಿರಲಿ ಅಂತ ಮುಳ್ಳಿನ ಕುಸುಬಿ ಸಾಲು ಬಿತ್ತುವುದು ನಮ್ಮ ಹಿರಿಯರ ಪದ್ಧತಿ. ಗಿಣಿಗಳಿಗೆ ಅದರ ಬೀಜ ಬಲು ಇಷ್ಟ. ನಮ್ಮ ಇಣಚಿ ಅದನ್ನು ಬಿಡುತ್ತದೆ ಅಂತ ನಾನು ಹೇಳಲಾರೆ, ಶೇಂಗಾದಷ್ಟು ಅದಕ್ಕೆ ಮುಗಿಬೀಳುವುದಿಲ್ಲ ಅನ್ನುವುದನ್ನು ಮಾತ್ರ ಕಣ್ಣಾರೆ ನೋಡಿದ್ದೇನೆ.

ಹೊತ್ತೂ ಮುಖ್ಯ. ಗುಬ್ಬಿ ಬೆಳಕು ಮೂಡುತ್ತಲೇ ಬರುತ್ತದೆ. ಇಣಚಿ, ಅದರಲ್ಲೂ ಚಳಿಗಾಲದಲ್ಲಿ, ಗೋಡೆಗೆ ಬಿಸಿಲು ಬಿದ್ದ ಮೇಲೆ ಚುರುಕಾಗುತ್ತದೆ. ಒಂದು ಹಿಡಿ ಕಾಳು ನಸುಕಿನಲ್ಲಿ ಹಾಕಿದರೆ ಬಿಸಿಲು ಏರುವ ಹೊತ್ತಿಗೆ ಮುಗಿದಿರುತ್ತದೆ. ದಿನವಿಡೀ ತಟ್ಟೆ ತುಂಬಿಡುವುದಕ್ಕಿಂತ ಇದು ಮೇಲು. ಉಳಿದ ಕಾಳು ರಾತ್ರಿ ಇಲಿಯನ್ನೂ ಕರೆಯುತ್ತದೆ.

ಮಳೆಗಾಲದ ಬಗ್ಗೆ ಎರಡು ಮಾತು. ಜಿಟಿಜಿಟಿ ಹಿಡಿದರೆ ಧಾರವಾಡದಲ್ಲಿ ಏನೂ ಒಣಗುವುದಿಲ್ಲ. ತೊಯ್ದ ಕಾಳಿಗೆ ಬೂಸು ಬರುತ್ತದೆ. ಬೂಸು ಹಿಡಿದ ಶೇಂಗಾದಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರಬಹುದು, ಅದು ಹಕ್ಕಿಯ ಯಕೃತ್ತಿಗೆ ಕುತ್ತು. ತಟ್ಟೆಗೆ ತೂತು ಕೊರೆಯಿರಿ, ವಾರಕ್ಕೊಮ್ಮೆಯಾದರೂ ಬಿಸಿನೀರಲ್ಲಿ ತಿಕ್ಕಿ ಒಣಗಿಸಿ. ಬ್ರಿಟನ್ನಿನಲ್ಲಿ 2005ರ ಸುಮಾರಿಗೆ ಕಾಣಿಸಿಕೊಂಡ ಗಂಟಲ ರೋಗವೊಂದು ಕಾಳು, ನೀರು ಇಡುವ ಜಾಗಗಳಲ್ಲಿ ಹಕ್ಕಿಯಿಂದ ಹಕ್ಕಿಗೆ ಹರಡಿ ಗ್ರೀನ್‌ಫಿಂಚ್ ಎಂಬ ಹಕ್ಕಿಯ ಸಂಖ್ಯೆಯನ್ನೇ ಇಳಿಸಿಬಿಟ್ಟಿತು. ತಟ್ಟೆ ತೊಳೆಯಲು ಬೇಜಾರಾದರೆ ಕಾಳು ಇಡದಿರುವುದೇ ಒಳ್ಳೆಯದು. ಉಪ್ಪು, ಒಗ್ಗರಣೆ ಬಿದ್ದ ಚುರುಮುರಿ, ಬಿಸ್ಕೀಟು ಬೇಡವೇ ಬೇಡ.

ಕಾಳಿನಿಂದ ಎಲ್ಲ ಆಗುತ್ತದೆ ಅಂತಲೂ ತಿಳಿಯಬಾರದು. ಗುಬ್ಬಿ ತನ್ನ ಎಳೆ ಮರಿಗಳಿಗೆ ಕೊಡುವುದು ಹೆಚ್ಚಾಗಿ ಹುಳಹುಪ್ಪಟೆ. ನವಣೆ ಎಷ್ಟೇ ಇಟ್ಟರೂ ಹುಳ ಸಿಗದ ಓಣಿಯಲ್ಲಿ ಮರಿ ಬದುಕುವುದು ಕಷ್ಟ. ಅದಕ್ಕೇ ನಮ್ಮ ತೊಂಡೆ ಬಳ್ಳಿಗೆ ಔಷಧಿ ಹೊಡೆಯುವುದನ್ನು ನಿಲ್ಲಿಸಿದ್ದೇವೆ. ಎಲೆಗೆ ತೂತು ಬೀಳುತ್ತದೆ, ಕಾಯಿ ಸ್ವಲ್ಪ ಕಡಿಮೆ. ಗಂಡು ಗುಬ್ಬಿಯೊಂದು ಬಾಯಲ್ಲಿ ಹಸಿರು ಹುಳ ಕಚ್ಚಿಕೊಂಡು ಬಳ್ಳಿಯಿಂದ ಮೀಟರ್ ಡಬ್ಬಿಯ ಕಡೆ ಹಾರುವುದನ್ನು ಈ ಸಲ ನೋಡಿದೆ.

ಮುಂದಿನ ಕೆಲಸ ಗೂಡಿನ ಪೆಟ್ಟಿಗೆ. ಗುಬ್ಬಿಗೆ 32 ಮಿಲಿಮೀಟರಿನ ತೂತು ಸಾಕು, ಗೊರವಂಕ ಅದರಲ್ಲಿ ಹಿಡಿಸುವುದಿಲ್ಲ. ಇಣಚಿ ಮಾತ್ರ ಕಟ್ಟಿಗೆಯ ತೂತನ್ನು ಕಡಿದು ದೊಡ್ಡದು ಮಾಡಿಕೊಳ್ಳುತ್ತದೆ. ಅದರ ಮುಂದಿನ ಹಲ್ಲು ಜೀವನಪೂರ್ತಿ ಬೆಳೆಯುತ್ತಲೇ ಇರುತ್ತದೆ, ಏನನ್ನಾದರೂ ಕಡಿಯುತ್ತಲೇ ಇರಬೇಕು. ತೂತಿನ ಸುತ್ತ ತಗಡಿನ ಪಟ್ಟಿ ಹೊಡೆದರೆ ತಡೆಯಬಹುದು. ಪೆಟ್ಟಿಗೆಯನ್ನು ಮಾವಿನ ಟೊಂಗೆಯಿಂದ ದೂರ, ಮಧ್ಯಾಹ್ನದ ಬಿಸಿಲು ಬೀಳದ ಗೋಡೆಗೆ, ಸೂರಿನ ಕೆಳಗೆ ಬಿಗಿಯಬೇಕು. ದುರ್ಗದ ಬೈಲಿನ ಅಣ್ಣಾರಿಗೆ ಅಳತೆ ಕೊಟ್ಟು ಬಂದಿದ್ದೇನೆ. ಕಾಕು ತಮ್ಮ ಗೋಡೆಗೂ ಒಂದು ಇರಲಿ ಅಂದಿದ್ದಾರೆ, ಹಾಗಾಗಿ ಪಟ್ಟಿ ಎರಡು ಹೇಳಿದೆ.